ಪಾಳಿ ತಪ್ಪಿದ ಆಟೊ

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಹೊಸದರಲ್ಲಿ ಒಂದು ಬೆಳಿಗ್ಗೆ ಅಣ್ಣ ನನ್ನನ್ನು ತನ್ನ ಆಟೊದಿಂದ ತಾನೇ ಇಳಿಸಿ ಬಸ್ಸು ಹತ್ತಿಸಿದ. ನಮ್ಮೂರಿನ ಕಚ್ಚಾ ದಾರಿ ಮನೂರ್ ರಸ್ತೆಯನ್ನು ಕೂಡುವಲ್ಲಿ, ಬೇವಿನ ಮರದ ಕೆಳಗೆ ಆಟೊ ನಿಂತಿತ್ತು. ಒಳಗೆ ನಾನೊಬ್ಬಳೇ ಇದ್ದೆ, ಮಡಿಲಲ್ಲಿ ಹೊಲಿದು ಮುಗಿಸಿದ ಜಂಪರುಗಳ ಗಂಟು. ದಿನವೂ ಇದೇ ಆಟೊದಲ್ಲಿ ಒಬ್ಬರ ತೊಡೆಯ ಮೇಲೊಬ್ಬರು ಕೂತು ಹೋಗುತ್ತಿದ್ದ ಹೆಂಗಸರೆಲ್ಲ ಅವತ್ತು ರಸ್ತೆಯ ಆಚೆ ಬದಿಗೆ ನಿಂತು, ನಮ್ಮ ಕಡೆ ನೋಡದೆ, ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದರು.

"ಇಳಿ ತಂಗಿ, ಬಸ್ ಬಂತು ನೋಡು" ಎಂದ ಅಣ್ಣ.

"ನಾ ಇದ್ರಾಗೇ ಬರ್ತೀನಿ ಬಿಡಣ್ಣ."

"ನೀ ಒಬ್ಬಾಕಿ ಕುಂತ್ರ ಆಟೊ ನಡೀತದೇನು? ಪುಕ್ಕಟ ಹೋಗೋದು ಬಿಟ್ಟು ಇಲ್ಲ್ಯಾಕ ಕುಂದ್ರತಿ? ಇಳಿ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಗಂಟನ್ನು ತಾನೇ ಎತ್ತಿಕೊಂಡು ರಸ್ತೆ ದಾಟಿಸಿ, ನೂಕುನುಗ್ಗಲಿನಲ್ಲಿ ನನ್ನನ್ನು ಮೆಟ್ಟಿಲಿಗೆ ಹತ್ತಿಸಿ, ಕಿಟಕಿಯಿಂದ ಗಂಟು ಒಳಗೆ ಕೊಟ್ಟ. ಬಸ್ಸು ಹೊರಟಾಗ ಹಿಂದೆ ತಿರುಗಿ ನೋಡಿದೆ. ಅವನು ಆಟೊದ ಮುಂಗಾಜನ್ನು ಬಟ್ಟೆಯಿಂದ ಒರೆಸುತ್ತಿದ್ದ. ಅದು ಆಗಲೇ ಒರೆಸಿದ ಗಾಜು.

ನಮ್ಮದು ಗಡಿ ದಾಟಿ ತೆಲುಗು ರಾಜ್ಯದೊಳಗಿರುವ ಕನ್ನಡದ ಊರು, ಕುರಿ ಸಾಕುವ ಮನೆ. ಸ್ವಲ್ಪ ಹೊಲ, ಜೋಳ, ತೊಗರಿ. ಅಪ್ಪ ಕುರಿ ಹಿಂಡನ್ನು ಊರವರ ಹೊಲಗಳಲ್ಲಿ ತರುಬುತ್ತಿದ್ದ. ಕುರಿ ಮಲಗಿದ ಹೊಲಕ್ಕೆ ಗೊಬ್ಬರವಾಗುತ್ತಿತ್ತು, ಹೊಲದವರು ಅಪ್ಪನಿಗೆ ಜೋಳ ಕೊಡುತ್ತಿದ್ದರು. ನನ್ನನ್ನು ಅದೇ ಊರಲ್ಲಿ, ಅದೇ ಓಣಿಯಲ್ಲಿ ಕೊಟ್ಟಿದ್ದರಿಂದ ನನಗೆ ತವರು ದೂರವಾಗಲಿಲ್ಲ. ಅಣ್ಣನಿಗೆ ಕುರಿ ಕಾಯುವ ಮನಸ್ಸಿರಲಿಲ್ಲ, ಅವನಿಗೆ ಜನ ಬೇಕು, ಮಾತು ಬೇಕು. ಅಪ್ಪ ತಿಂಗಳುಗಟ್ಟಲೆ ಗೊಣಗಿ, ಕೊನೆಗೆ ಹಿಂಡಿನಲ್ಲಿ ಅವನ ಪಾಲಿನ ಕುರಿಗಳನ್ನು ಮಾರಿ ಆಟೊ ತರಲು ಒಪ್ಪಿದ. ಆಟೊ ಮನೆಗೆ ಬಂದ ದಿನ ಅವ್ವ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಕುರಿಗೆ ದೃಷ್ಟಿ ತೆಗೆಯುವ ಹಾಗೆಯೇ ದೃಷ್ಟಿ ತೆಗೆದಳು.

ನಮ್ಮ ಕಡೆಯ ಆಟೊ ಒಬ್ಬರು ಹತ್ತಿ ಒಬ್ಬರು ಇಳಿಯುವ ಆಟೊ ಅಲ್ಲ. ಹತ್ತಾರು ಮಂದಿಯದು. ನಾರಾಯಣಖೇಡದ ಅಡ್ಡಾದಲ್ಲಿ ಆಟೊಗಳು ಸಾಲಾಗಿ ನಿಲ್ಲುತ್ತಿದ್ದವು. ಮೊದಲು ಬಂದವನದು ಮೊದಲ ಪಾಳಿ. ಅವನ ಆಟೊ ತುಂಬಿ ಹೊರಡುವವರೆಗೆ ಹಿಂದಿನವನು ಒಂದು ಸವಾರಿಯನ್ನೂ ಕರೆಯುವಂತಿಲ್ಲ. ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ಅಡ್ಡಾದಲ್ಲಿ ಒಬ್ಬ ಹಿರಿಯ ಡ್ರೈವರ್ ಇದ್ದ, ಎಲ್ಲರೂ ಅವನನ್ನು ಚಾಚಾ ಅನ್ನುತ್ತಿದ್ದರು. ಜಗಳವಾದರೆ ಅವನು ಹೇಳಿದ್ದೇ ತೀರ್ಪು. ಯಾರಾದರೂ ಜ್ವರ ಬಂದು ಮಲಗಿದರೆ ಉಳಿದವರು ಅವನ ಪಾಳಿಯನ್ನು ತಾವು ಓಡಿಸಿ, ಬಂದದ್ದನ್ನು ಅವನ ಮನೆಗೆ ಮುಟ್ಟಿಸುತ್ತಿದ್ದರು.

ಅಣ್ಣನ ಆಟೊದಲ್ಲಿ ಜನರಷ್ಟೇ ಬರುತ್ತಿರಲಿಲ್ಲ. ಮಾಸ್ತರರಿಗೆ ಗುಳಿಗೆ, ಅಂಗಡಿಗೆ ಬೆಲ್ಲ, ಯಾರದೋ ಮೋಟರಿನ ರಿಪೇರಿಯಾದ ಭಾಗ, ಹಬ್ಬಕ್ಕೆ ಬಾರದ ಅಳಿಯನಿಗೆ ಅತ್ತೆ ಕಳಿಸಿದ ಶೇಂಗಾ ಹೋಳಿಗೆ, ಎಲ್ಲ ಅವನ ಸೀಟಿನ ಕೆಳಗೆ ಇರುತ್ತಿದ್ದವು. ದಾರಿಯಲ್ಲಿ ಯಾರು ಕೈ ಮಾಡಿದರೂ ಅವನ ಆಟೊ ನಿಲ್ಲುತ್ತಿತ್ತು. ಒಳಗೆ ಜಾಗವಿಲ್ಲದಿದ್ದರೂ ನಿಲ್ಲುತ್ತಿತ್ತು. "ಸ್ವಲ್ಪ ಸರೀರಿ, ಯವ್ವ ಒಬ್ಬಾಕಿ ಹತ್ತಲಿ" ಎಂದು ಹಿಂದೆ ತಿರುಗಿ ಹೇಳುವುದು ಅವನಿಗೆ ಉಸಿರಾಡಿದಷ್ಟು ರೂಢಿ. ನಾವು ಬೈಯುತ್ತಲೇ ಸರಿಯುತ್ತಿದ್ದೆವು.

ಬಸ್ಸು ಪುಕ್ಕಟೆಯಾದ ಮೇಲೆ ಮೊದಲು ಹೋದವರು ಹೆಂಗಸರು. ಹೆಂಗಸರ ಜೊತೆ ಅವರ ಮಕ್ಕಳು, ಗಂಟು, ಮಾತು ಎಲ್ಲವೂ ಹೋದವು. ಉಳಿದ ಗಂಡಸರಿಗೆ ಮೋಟರ್ ಸೈಕಲ್ ಇದ್ದವು. ಅಡ್ಡಾದಲ್ಲಿ ಪಾಳಿ ಬರಲು ಅರ್ಧ ದಿನ ಹಿಡಿಯತೊಡಗಿತು. ಆಟೊದವರಿಗೂ ಏನೋ ಯೋಜನೆ ಬರುತ್ತದಂತೆ ಎಂಬ ಮಾತು ಅಡ್ಡಾದಲ್ಲಿ ದಿನವೂ ಸುತ್ತಾಡುತ್ತಿತ್ತು. ಒಂದು ದಿನ ಡ್ರೈವರುಗಳೆಲ್ಲ ಸೇರಿ ಆಟೊ ನಿಲ್ಲಿಸಿ ರಸ್ತೆ ಬದಿಗೆ ಕೂತರು. ನಾನು ಹೊಲಿಯುವ ಅಂಗಡಿ ಅಲ್ಲೇ ಎದುರಿಗಿದ್ದುದರಿಂದ ಎಲ್ಲ ಕಾಣುತ್ತಿತ್ತು. ನಮ್ಮೂರಿನ ಒಬ್ಬ ಹೆಂಗಸು, ಹತ್ತಿ ಬಿಡಿಸಲು ದೂರದ ಹೊಲಗಳಿಗೆ ಹೋಗುವವಳು, ಅವರ ಮುಂದೆಯೇ ಹಾದು ಹೋಗುತ್ತಿದ್ದಳು. ಒಬ್ಬ ಹುಡುಗ ಡ್ರೈವರ್ ಅವಳಿಗೆ ಕೇಳುವ ಹಾಗೆ ಏನೋ ಅಂದ. ಅವಳು ಅಲ್ಲೇ ನಿಂತಳು.

"ನಿಮ್ಮ ಹೊಟ್ಟಿ ತುಂಬ್ಲಿ ಅಂತ ನಾವು ಜಲ್ಮ ಪೂರ್ತಿ ಕಿರಾಯಿ ಕೊಡ್ಕೋತ ಇರಬೇಕೇನು? ನಾ ಈಗ ನನ್ನ ತವರಮನಿಗಿ ಯಾರನ್ನೂ ಕೇಳದಾಂಗ ಹೋಗಿ ಬರ್ತೀನಿ. ಗಂಡನ ಮುಂದ ಕೈ ಒಡ್ಡಾಂಗಿಲ್ಲ. ಅದು ನಿಮಗ ಚುಚ್ಚತದೇನು?"

ಹುಡುಗ ಎದ್ದು ನಿಂತ. ಅಣ್ಣ ಅವನ ಭುಜ ಹಿಡಿದು ಕೂಡಿಸಿದ.

"ಆಕಿ ಹೇಳೋದ್ರಾಗ ಸುಳ್ಳು ಏನದ? ಹೋಗ್ರಿ ಅಕ್ಕೋರ, ನೀವು ಹೋಗ್ರಿ" ಎಂದ.

ಬಸ್ಸು ಪುಕ್ಕಟೆಯಾದದ್ದು ನನಗೂ ಅನುಕೂಲವೇ. ಮೊದಲು ಅಣ್ಣನ ಆಟೊದಲ್ಲಿ ದುಡ್ಡು ಕೊಡುವವರ ಜಾಗ ಹಿಡಿಯುವುದು ಬೇಡವೆಂದು ಅಂಗಡಿಗೆ ಹೋಗದೆ ಮನೆಯಲ್ಲೇ ಹೊಲಿದು ಕಳಿಸುತ್ತಿದ್ದ ದಿನಗಳು ಬಹಳ ಇದ್ದವು. ಈಗ ದಿನವೂ ಹೋಗುತ್ತೇನೆ. ಯಾರಾದರೂ ಈ ಬಸ್ಸನ್ನು ತೆಗೆಯಬೇಕು ಅಂದರೆ ನಾನು ಜಗಳಕ್ಕೆ ನಿಲ್ಲುವವಳೇ. ಆದರೆ ಎದುರಿಗೆ ಕೂತಿದ್ದ ಆ ಸಾಲನ್ನು ನೋಡಿದಾಗ, ಒಂದು ಬಾಗಿಲು ತೆರೆಯುವಾಗ ಅದರ ಹಿಂದೆ ನಿಂತವರ ಬೆರಳು ಸಿಕ್ಕಿಕೊಂಡಿದೆ ಎಂದು ಯಾಕೆ ಯಾರೂ ಮೊದಲೇ ನೋಡಲಿಲ್ಲ ಅನ್ನಿಸಿತು.

ಆ ಹೊತ್ತಿಗೆ ಜಹೀರಾಬಾದಿನಲ್ಲಿ ಫೋನಿನಿಂದ ಆಟೊ ಕರೆಯುವ ಕಂಪನಿಯೊಂದು ಬಂತು. ಹೆಸರು ಇಲ್ಲಿ ಬೇಡ. ಜಹೀರಾಬಾದ್ ದೊಡ್ಡ ಹೆದ್ದಾರಿಯ ಊರು. ಕಾರ್ಖಾನೆಗಳಿವೆ, ಹೊರಗಿನಿಂದ ಬಂದ ಜನ ಇದ್ದಾರೆ. ಮೊಬೈಲ್ ಅಂಗಡಿಯೊಂದರ ಮಾಳಿಗೆಯಲ್ಲಿ ಒಂದು ಮೇಜು ಹಾಕಿಕೊಂಡು ಕೂತಿದ್ದ ಹುಡುಗ ಡ್ರೈವರುಗಳ ಕಾಗದ ನೋಡಿ, ಫೋಟೊ ತೆಗೆದು, ಅವರ ಫೋನಿಗೆ ಕಂಪನಿಯ ಆ್ಯಪ್ ಹಾಕಿ ಕೊಡುತ್ತಿದ್ದ. ಅಣ್ಣ ಹೋಗಿ ಹಾಕಿಸಿಕೊಂಡು ಬಂದ. ಅವತ್ತು ಮನೆಯಲ್ಲಿ ಬಹಳ ದಿನದ ಮೇಲೆ ನಗು ಇತ್ತು.

"ನಾ ಈಗ ಡ್ರೈವರ್ ಅಲ್ಲ, ಪಾರ್ಟ್‌ನರ್" ಎಂದ ಅಣ್ಣ.

ಅಪ್ಪ ಎಲೆ ಅಡಿಕೆ ಜಗಿಯುತ್ತ ಕೇಳಿದ, "ಪಾರ್ಟ್‌ನರ್ ಅಂದ್ರ ಪಾಲಿನವ ಹೌದಿಲ್ಲೊ?"

"ಹೌದಪ್ಪ."

"ಮತ್ತ ಆ ಕಡಿ ಪಾಲಿನವ ಯಾರು? ಮಾರಿ ನೋಡೀಯೇನು?"

"ಅದು ಕಂಪನಿ ಅದ ಅಪ್ಪ. ಕಂಪನಿಗಿ ಮಾರಿ ಎಲ್ಲಿರ್ತದ?"

ಮುಖವಿಲ್ಲದ ಪಾಲುದಾರ ಎಂಥವನೆಂದು ಅಪ್ಪ ತಲೆ ಕೆರೆದುಕೊಂಡ. ಅತ್ತಿಗೆ ಒಳಗಿನಿಂದ, "ಮಾರಿ ಇಲ್ದಿದ್ರ ಹೋಗ್ಲಿ ಬಿಡ್ರಿ ಮಾವ, ಸವಾರಿ ಕೊಟ್ರ ಸಾಕು" ಎಂದಳು. ನಾವೆಲ್ಲ ನಕ್ಕೆವು.

ಅಡ್ಡಾದ ಚಾಚಾಗೆ ಹೇಳಿಯೇ ಅಣ್ಣ ಹೊರಟ. ಚಾಚಾ ತಡೆಯಲಿಲ್ಲ. ಚಹಾ ಕುಡಿಸಿ, "ಹೋಗ್ತಿ ಅಂದ್ರ ಹೋಗು. ಖರೆ ಒಮ್ಮೆ ಹೋದವಗ ಇಲ್ಲಿ ಪಾಳಿ ಹಿಡದಿಡಾಕ ಆಗಂಗಿಲ್ಲ ಬೇಟಾ" ಎಂದನಂತೆ. ಅಣ್ಣ ಅತ್ತಿಗೆಯನ್ನೂ ಇಬ್ಬರು ಮಕ್ಕಳನ್ನೂ ಊರಲ್ಲೇ ಬಿಟ್ಟು, ಜಹೀರಾಬಾದಿನಲ್ಲಿ ಒಂದು ಸಣ್ಣ ಖೋಲಿ ಹಿಡಿದ.

ಮೊದಮೊದಲು ಚೆನ್ನಾಗಿಯೇ ನಡೆಯಿತು. ಫೋನು ಗುಂಯ್ ಅಂದರೆ ಸವಾರಿ. ದಿನವೂ ಸಂಜೆ ಫೋನು ಮಾಡುತ್ತಿದ್ದ. ಆದರೆ ಕೆಲವೇ ವಾರಗಳಲ್ಲಿ ಅವನ ಮಾತು ಬದಲಾಯಿತು. ದಾರಿಯಲ್ಲಿ ನೋಡಿದ್ದನ್ನು, ಸವಾರಿ ಹೇಳಿದ ಕತೆಯನ್ನು ಹೇಳುತ್ತಿದ್ದವನು ಈಗ ಸ್ಟಾರಿನ ಮಾತು ಆಡುತ್ತಿದ್ದ. ಇಳಿದು ಹೋಗುವವರು ಫೋನಿನಲ್ಲಿ ಸ್ಟಾರು ಒತ್ತುತ್ತಾರೆ. ಸ್ಟಾರು ಕಡಿಮೆಯಾದರೆ ಸವಾರಿ ಕಡಿಮೆ.

"ಹಿಂದ ಕುಂತವ್ರು ಮಾತೇ ಆಡಂಗಿಲ್ಲ ತಂಗಿ. ನಾ ಮಾತಾಡ್ಸಿದ್ರ ಸಿಟ್ಟು ಬರ್ತದೋ ಏನೋ ಅಂತ ನಾನೂ ಸುಮ್ಮನ ಕುಂದ್ರತೀನಿ. ದಿನಾ ಹೆಣ ಹೊತ್ಕೊಂಡು ತಿರಗಿದಂಗ ಆಗ್ಯದ" ಎಂದ ಒಮ್ಮೆ.

"ಹಂಗನಬ್ಯಾಡಣ್ಣ" ಎಂದೆ.

ಮಳೆಗಾಲ ಶುರುವಾದಾಗ ಅದು ನಡೆಯಿತು. ಕಾರ್ಖಾನೆಗೆ ಕೆಲಸಕ್ಕೆ ಹೋಗುವ ಒಬ್ಬ ಫೋನಿನಿಂದ ಅಣ್ಣನ ಆಟೊ ಕರೆದಿದ್ದ. ರೈಲ್ವೆ ಗೇಟು ದಾಟಿದ ಮೇಲೆ ಒಬ್ಬ ಮುದುಕಿ ಮೆಂತೆ ಸೊಪ್ಪಿನ ಬುಟ್ಟಿ ಹೊತ್ತು ಮಳೆಯಲ್ಲಿ ನಿಂತು ಕೈ ಮಾಡಿದಳು. ಅಣ್ಣನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಹಿಂದೆ ತಿರುಗಿ, "ಸ್ವಲ್ಪ ಸರೀರಿ ಸರ್, ಯವ್ವ ತೋಯ್ಸ್ಕೊಳ್ಳಾಕತ್ಯಾಳ, ಮುಂದಿನ ತಿರುವಿಗಿ ಇಳಿಸ್ತೀನಿ" ಎಂದ. ಆ ಮನುಷ್ಯ ಸರಿದ. ಒಂದು ಮಾತೂ ಆಡಲಿಲ್ಲ. ಮುದುಕಿಯ ಬುಟ್ಟಿಯ ನೀರು ಅವನ ಪ್ಯಾಂಟಿಗೆ ಹರಿಯಿತು. ಅವಳು ಇಳಿದಳು, ಸ್ವಲ್ಪ ಹೊತ್ತಿಗೆ ಅವನೂ ಇಳಿದ. ಸಂಜೆಯೊಳಗೆ ಅಣ್ಣನ ಫೋನಿನಲ್ಲಿ ಆ್ಯಪ್ ತೆರೆಯುವುದು ನಿಂತಿತು.

ಕರೆದ ಆಟೊದಲ್ಲಿ ಬೇರೆಯವರನ್ನು ಕೂಡಿಸುವಂತಿಲ್ಲ, ನಿಮ್ಮ ಮೇಲೆ ದೂರು ಬಂದಿದೆ, ನಿಮ್ಮ ಐಡಿ ನಿಲ್ಲಿಸಲಾಗಿದೆ ಎಂದು ತೆಲುಗಿನಲ್ಲಿ ಸಂದೇಶ ಬಂದಿತ್ತು. ಅಣ್ಣನಿಗೆ ತೆಲುಗು ಮಾತಾಡಲು ಬರುತ್ತದೆಯೇ ಹೊರತು ಓದಲು ಅಷ್ಟು ಬಾರದು. ಭಾನುವಾರ ನಾನೇ ಜಹೀರಾಬಾದಿಗೆ ಹೋಗಿ ಓದಿ ಹೇಳಿದೆ. ಅವನು ಮತ್ತೊಮ್ಮೆ ಓದಿಸಿದ.

"ಶೇರಿಂಗ್, ಶೇರಿಂಗ್ ಅಂತಿದ್ನಲ್ಲ ಆ್ಯಪ್ ಹಾಕಿ ಕೊಟ್ಟ ಹುಡುಗ. ಹಂಚ್ಕೊಂಡು ಹೋಗೋದು ಅಂತ ಹೇಳ್ದ. ನಾ ಮಾಡಿದ್ದೂ ಅದೇ ಅಲ್ಲೇನು?"

ಇಬ್ಬರೂ ಮೊಬೈಲ್ ಅಂಗಡಿಯ ಮಾಳಿಗೆ ಹತ್ತಿದೆವು. ಅಲ್ಲಿ ಮೇಜು ಇರಲಿಲ್ಲ, ಹುಡುಗ ಇರಲಿಲ್ಲ. ಯಾರೋ ಈರುಳ್ಳಿ ಚೀಲ ಒಟ್ಟಿದ್ದರು. ಅಂಗಡಿಯವನು, "ಅವರು ಹೋಗಿ ಎರಡು ತಿಂಗಳಾತ್ರಿ. ಎಲ್ಲಾ ಫೋನ್ದಾಗೇ ಅದ ಅಂತ್ರಿ ಈಗ" ಎಂದ. ಫೋನು ಹಚ್ಚಿದೆವು. ಒಂದು ಹೆಣ್ಣು ದನಿ, ತೆಲುಗಿಗೆ ಇದನ್ನು ಒತ್ತಿ, ಹಿಂದಿಗೆ ಅದನ್ನು ಒತ್ತಿ ಎಂದಿತು. ಒತ್ತಿದೆವು. ಹಾಡು ಬಂತು. ಹಾಡು ಮುಗಿದ ಮೇಲೆ ಮತ್ತೆ ಅದೇ ದನಿ. ಅಣ್ಣ ಫೋನು ಕಿವಿಗೆ ಹಿಡಿದುಕೊಂಡೇ, "ಅವ್ವಾ, ನಾ ಹೇಳೂದ ಸ್ವಲ್ಪ ಕೇಳ್ರಿ" ಎಂದ. ಅದು ಯಂತ್ರ ಎಂದು ಅವನಿಗೆ ಗೊತ್ತಿತ್ತು. ಆದರೂ ಹೇಳಿದ. ಮುದುಕಿ, ಮಳೆ, ತಿರುವು, ಎಲ್ಲವನ್ನೂ ಆ ಹಾಡಿಗೆ ಹೇಳಿದ.

ಆಮೇಲೆ ಚಹಾ ಅಂಗಡಿಯ ಬೆಂಚಿನ ಮೇಲೆ ಕೂತೆವು. ಅಣ್ಣ ಲೋಟ ಹಿಡಿದು ಕುಡಿಯದೆ ಕೂತಿದ್ದ.

"ಅಡ್ಡಾದಾಗ ತಪ್ಪು ಮಾಡಿದ್ರ ಚಾಚಾ ಮಾರಿ ಮ್ಯಾಲೆ ಬೈತಿದ್ದ. ಕಾಲ್ ಹಿಡದ್ರ ಬಿಡ್ತಿದ್ದ. ಬೈಯಾಕಾದ್ರೂ ಒಬ್ಬ ಮನಷ್ಯಾ ಬೇಕಲ್ಲವ್ವ" ಎಂದ.

ದೂರು ಕೊಟ್ಟವನ ಮೇಲೆ ನನಗೆ ಬಹಳ ದಿನ ಸಿಟ್ಟಿತ್ತು. ಈಗ ಇಲ್ಲ. ಅವನು ಇಡೀ ಆಟೊಗೆ ಬಾಡಿಗೆ ಒಪ್ಪಿ ಕರೆದಿದ್ದ. ಪ್ಯಾಂಟು ತೋಯಿಸಿಕೊಂಡು ಕೆಲಸಕ್ಕೆ ಹೋಗಿ ಅವನೂ ಯಾರಿಂದಲೋ ಬೈಸಿಕೊಂಡಿರಬಹುದು. ಮುಖ ನೋಡಿ, "ಬ್ಯಾಡ್ರಿ, ನಾ ಸರಿಯಂಗಿಲ್ಲ" ಎಂದಿದ್ದರೆ ಅಣ್ಣ ಮುದುಕಿಯನ್ನು ಹತ್ತಿಸುತ್ತಲೇ ಇರಲಿಲ್ಲ. ಆದರೆ ಹೇಳುವ ಜಾಗ ಅವನ ಕೈಯಲ್ಲಿನ ಫೋನಿನೊಳಗಿತ್ತು, ಹಾಗಾಗಿ ಅಲ್ಲೇ ಹೇಳಿದ.

ಅಣ್ಣ ಖೋಲಿ ಬಿಟ್ಟು ನಾರಾಯಣಖೇಡಕ್ಕೆ ಮರಳಿದ. ಅಡ್ಡಾದಲ್ಲಿ ಅವನ ಆಟೊ ಸಾಲಿನ ಕೊನೆಗೆ ಬಂದು ನಿಂತಾಗ ಹುಡುಗ ಡ್ರೈವರುಗಳು ಗಲಾಟೆ ಮಾಡಿದರು. ನಮಗೇ ಸವಾರಿ ಇಲ್ಲ, ಹೋದವನು ಯಾಕೆ ಬಂದ ಎಂಬುದು ಅವರ ಮಾತು. ಚಾಚಾ ಎದ್ದು ಬಂದು ಆಟೊದ ಮೇಲೆ ಕೈ ಇಟ್ಟು ನಿಂತ.

"ಪಾಳಿ ಕೊಡೂನು. ಖರೆ ಬೇಟಾ, ಕೊಡಾಕ ಇಲ್ಲಿ ಏನ್ ಉಳದದ ನೀನೇ ನೋಡು" ಎಂದ.

ಉಳಿದಿರಲಿಲ್ಲ. ಅಣ್ಣ ಬೆಳಿಗ್ಗೆ ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಇಬ್ಬರೋ ಮೂವರೋ ಸಿಕ್ಕರೆ ಹೊರಡುವುದು, ಇಲ್ಲದಿದ್ದರೆ ಆಟೊದಲ್ಲೇ ಕಾಲು ಮಡಚಿ ಮಲಗುವುದು. ಊಟದ ಹೊತ್ತಿಗೆ ನಾನು ಅಂಗಡಿಯಿಂದ ಇಳಿದು ಬಂದು ರೊಟ್ಟಿ ಕೊಟ್ಟರೆ, "ಇಲ್ಲಿ ಎಲ್ಲಾರ ಮುಂದ ಕೊಡಬ್ಯಾಡ" ಎನ್ನುತ್ತಿದ್ದ. ಸಾಲಿನಲ್ಲಿ ರೊಟ್ಟಿ ತರದವರು ಬಹಳ ಮಂದಿ ಇದ್ದರು. ಸುಗ್ಗಿ ಮುಗಿದ ಮೇಲೆ ಅಣ್ಣ ಬೀದರ ಕಡೆಯ ಒಬ್ಬನಿಗೆ ಆಟೊ ಮಾರಿಬಿಟ್ಟ. ಅವತ್ತು ಆಟೊ ಊರು ದಾಟಿ ಹೋಗುವಾಗ ಅಪ್ಪ ಕುರಿಗಳ ಹಿಂದೆ ಹೊಲಕ್ಕೆ ಹೋಗಿದ್ದ. ಬೇಕೆಂದೇ ಹೋಗಿದ್ದ.

ಅಣ್ಣನಂತೆ ಆಟೊ ಬಿಟ್ಟವರು ಇನ್ನೂ ಇದ್ದರು. ಅದರ ಪೆಟ್ಟು ಊರಿಗೆ ತಿಳಿದದ್ದು ಆಮೇಲೆ. ಬಸ್ಸು ದೊಡ್ಡ ರಸ್ತೆಯಲ್ಲಿ ಹೋಗುತ್ತದೆ. ನಮ್ಮೂರು ಒಳಗಿದೆ. ಮೊದಲು ಅಣ್ಣ ಮನೆ ಬಾಗಿಲಿಗೆ ತಂದು ಬಿಡುತ್ತಿದ್ದ. ಈಗ ಬಸ್ಸು ಇಳಿದು, ಗಂಟು ಹೊತ್ತು, ಕೆಸರಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕು. ಸಂಜೆಯ ಬಸ್ಸು ತಪ್ಪಿದರೆ ಬೇರೆ ದಾರಿಯೇ ಇಲ್ಲ. ಒಂದು ದಿನ ಹಾಗೆ ನಡೆಯುವಾಗ, ಅಡ್ಡಾದಲ್ಲಿ ಜಗಳಕ್ಕೆ ನಿಂತಿದ್ದ ಅದೇ ಹೆಂಗಸು ನನ್ನ ಜೊತೆಗಿದ್ದಳು. ಮೊಣಕಾಲು ಹಿಡಿದುಕೊಂಡು ಹಾದಿಯಲ್ಲೇ ಕೂತಳು.

"ಬಸ್ಸೂ ಇರಬೇಕಿತ್ತು, ನಿಮ್ಮಣ್ಣನ ಆಟೊನೂ ಇರಬೇಕಿತ್ತು" ಎಂದಳು. "ಎರಡೂ ಇರಾಂಗ ಮಾಡಾಕ ಯಾರಿಗೂ ಬರಂಗಿಲ್ಲೇನು?"

ನಾನು ಅವಳ ಪಕ್ಕದಲ್ಲೇ ಕೂತೆ. ನೋವು ಇಳಿದ ಮೇಲೆ ಕೈ ಹಿಡಿದು ಎಬ್ಬಿಸಿದೆ.

ಅಣ್ಣ ತಾಂಡೂರಿಗೆ ಹೋದ. ಅಲ್ಲಿ ನೆಲಕ್ಕೆ ಹಾಸುವ ಕಲ್ಲನ್ನು ಗಣಿಯಿಂದ ತಂದು, ಕೊಯ್ದು, ನುಣುಪು ಮಾಡುವ ಕಾರ್ಖಾನೆಗಳಿವೆ. ಬಶೀರಾಬಾದ್ ಕಡೆಯ ನಮ್ಮ ನೆಂಟನೊಬ್ಬ ಒಂದರಲ್ಲಿ ಸೇರಿಸಿದ. ಅತ್ತಿಗೆ ಮಕ್ಕಳನ್ನು ಕರೆದುಕೊಂಡು ಕಂಗ್ಟಿಯ ತವರಿಗೆ ಹೋದಳು, ಹೋಗುವಾಗ ಅಳಲಿಲ್ಲ, ಅವ್ವ ಅತ್ತಳು.

ಹೋದ ಚಳಿಗಾಲದಲ್ಲಿ ನಾನು ಅವನನ್ನು ನೋಡಲು ಹೋದೆ. ನಾರಾಯಣಖೇಡದಿಂದ ಜಹೀರಾಬಾದಿಗೆ, ಅಲ್ಲಿಂದ ತಾಂಡೂರಿಗೆ ಬಸ್ಸು. ಅಂಗಡಿಯಲ್ಲಿ ಉಳಿದ ತುಂಡು ಬಟ್ಟೆಗಳನ್ನು ಕೂಡಿಸಿ ಅವನಿಗೆಂದು ಒಂದು ಕೌದಿ ಹೊಲಿದಿದ್ದೆ, ಅದನ್ನು ಹೆಗಲಿಗೆ ಹಾಕಿಕೊಂಡಿದ್ದೆ. ಕಾರ್ಖಾನೆಯ ಬಾಗಿಲಲ್ಲಿ ನಿಂತು ಹುಡುಕಿದರೆ ಯಾರು ಯಾರೆಂದು ತಿಳಿಯಲಿಲ್ಲ. ಎಲ್ಲರ ತಲೆ, ಹುಬ್ಬು, ರೆಪ್ಪೆ ಎಲ್ಲವೂ ಬೂದು ಬಣ್ಣ. ಒಬ್ಬ ನನ್ನ ಕಡೆಗೆ ನಡೆದು ಬಂದ. ಹತ್ತಿರ ಬಂದು ಕೆಮ್ಮಿದಾಗಲೂ ಗುರುತು ಹತ್ತಲಿಲ್ಲ. "ಯಾವಾಗ ಬಂದಿ ತಂಗಿ?" ಎಂದ ಮೇಲೇ ಹತ್ತಿತು.

ಅವನ ಖೋಲಿ ಹತ್ತಿರದಲ್ಲೇ. ತಗಡಿನ ಕೋಣೆ, ಒಂದೇ ಮಂಚ. ಅದರ ಮೇಲೆ ಒಬ್ಬ ಅಪರಿಚಿತ ಮಲಗಿದ್ದ.

"ಅವ ರಾತ್ರಿ ಪಾಳಿಯವ. ಒಡಿಶಾದವ. ಹಗಲು ಮಂಚ ಅವಂದು, ರಾತ್ರಿ ನಂದು" ಎಂದು ಅಣ್ಣ ದನಿ ತಗ್ಗಿಸಿ ಹೇಳಿದ.

ನೆಲದ ಮೇಲೆ ಕೂತು ರೊಟ್ಟಿ ಬಿಚ್ಚಿದೆವು. ಅವ್ವ ಕಳಿಸಿದ ಶೇಂಗಾ ಹಿಂಡಿ ಇತ್ತು. ಅವನು ಎರಡು ತುತ್ತು ತಿಂದು ನೀರು ಕುಡಿದ. ಮಕ್ಕಳ ಬಗ್ಗೆ ಕೇಳಿದ, ಕುರಿಗಳ ಬಗ್ಗೆ ಕೇಳಿದ. ಅಡ್ಡಾದ ಬಗ್ಗೆ ಕೇಳಲಿಲ್ಲ. ಚಾಚಾ ಕೂಡ ಆಟೊ ಬಿಟ್ಟು ಮಗನ ಮನೆಯಲ್ಲಿ ಕೂತಿದ್ದಾನೆ ಎಂದು ಹೇಳಬೇಕೆಂದಿದ್ದೆ, ಹೇಳಲಿಲ್ಲ.

"ಕೆಮ್ಮು ಯಾವಾಗಿಂದ ಅದ?" ಎಂದೆ.

"ಎಲ್ಲಾರಿಗೂ ಅದ. ಧೂಳ್ ಅಲ್ಲೇನು?"

"ಮೂಗಿಗೆ ಬಟ್ಟಿ ಕಟ್ಕೋಬೇಕಿಲ್ಲ?"

"ಕಟ್ಕೊಂಡ್ರ ಉಸಿರು ಸಿಗಂಗಿಲ್ಲ ತಂಗಿ. ಬಿಚ್ಚಿದ್ರ ಧೂಳು. ಯಾವುದಾರ ಒಂದು."

ಕೌದಿಯನ್ನು ಅವನ ಕೈಗೆ ಕೊಟ್ಟೆ. ಬಿಡಿಸಿ ನೋಡಿ, ಬೆರಳಿನಿಂದ ಹೊಲಿಗೆ ಸವರಿದ. ಮಂಚದ ಮೇಲಿದ್ದವನು ನಿದ್ದೆಯಲ್ಲೇ ಮೊಣಕಾಲು ಎದೆಗೆ ಎಳೆದುಕೊಂಡ. ಹೊದೆಯಲು ಅವನಿಗೆ ಒಂದು ಹಳೆಯ ಲುಂಗಿ ಮಾತ್ರ ಇತ್ತು. ಅಣ್ಣ ಎದ್ದು, ಹೊಸ ಕೌದಿಯನ್ನು ಅವನ ಮೇಲೆ ಹೊದಿಸಿ, ಕಾಲಿನ ಕಡೆ ಸರಿಮಾಡಿ, ಮತ್ತೆ ಬಂದು ಕೂತ. ನನ್ನ ಮುಖ ನೋಡಿ, "ಥಂಡಿ ಅದ. ರಾತ್ರಿ ನಾ ಹೊದ್ಕೋತೀನಿ" ಎಂದ.

ಅವತ್ತೇ ಒತ್ತಾಯ ಮಾಡಿ ಅವನನ್ನು ಸರಕಾರಿ ದವಾಖಾನೆಗೆ ಕರೆದುಕೊಂಡು ಹೋದೆ. ಎದೆಯ ಫೋಟೊ ತೆಗೆದರು. ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಈ ಕೆಲಸ ಬಿಟ್ಟರೆ ಒಳ್ಳೆಯದು, ಬೇಗ ಬಿಟ್ಟರೆ ಇನ್ನೂ ಒಳ್ಳೆಯದು ಎಂದಳು. ಅಣ್ಣ "ಆತ್ರಿ" ಎಂದು ತಲೆಯಾಡಿಸಿದ. ಹೊರಗೆ ಬಂದ ಮೇಲೆ, "ಅಪ್ಪಗ ಹೇಳಬ್ಯಾಡ" ಎಂದ. ನಾನು ಹೇಳಿಲ್ಲ. ಅವನು ಕೆಲಸವನ್ನೂ ಬಿಟ್ಟಿಲ್ಲ. ಫೋನು ಮಾಡಿದಾಗ ಮಾತಿಗಿಂತ ಮೊದಲು ಕೆಮ್ಮು ಕೇಳಿಸುತ್ತದೆ.